ಹಿರಿಯ ಸವಾರನ ಕೈಗೊಗ್ಗುವ ಹ್ಯಾಂಡಲ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಾಗತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರನ್ನು ಧರಿಸಿ, 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ಈ ನಾಡಿನ ಊರೂರನ್ನು ಸೇರಿದ ಮೋಟಾರ್ ಸೈಕಲ್ಲುಗಳನ್ನು ತಾರುಣ್ಯದಲ್ಲಿ ಕೊಂಡವರೂ, ಮದರಾಸಿನಿಂದ ಬಂದ ಎನ್‌ಫೀಲ್ಡ್ ಬುಲೆಟ್ಟಿನ ಮೇಲೆ ಕುಳಿತು ಮಲೆನಾಡಿನ ಘಾಟಿಗಳನ್ನು ಏರಿಳಿದವರೂ, 1980ರ ದಶಕದ ಮಧ್ಯಭಾಗದಲ್ಲಿ ಜಪಾನೀಯರ ಸಹಯೋಗದಿಂದ ಬಂದ ನೂರು ಸಿ.ಸಿ.ಯ ಹೀರೋ ಹೋಂಡಾ, ಯಮಹಾ ಗಾಡಿಗಳನ್ನು ಮೊದಲ ಸಂಬಳದ ಬಲದಿಂದ ಮನೆಗೆ ತಂದವರೂ ಇಂದು ಅರುವತ್ತರ ಆಸುಪಾಸಿನಲ್ಲಿಯೋ ಎಪ್ಪತ್ತರ ಆಚೆಗೋ ಇದ್ದಾರೆ. ಅವರಲ್ಲಿ ಅನೇಕರು ಸವಾರಿಯನ್ನು ಬಿಟ್ಟಿಲ್ಲ. ಬಿಡಬೇಕೆಂಬ ಇಚ್ಛೆಯೂ ಅವರಿಗಿಲ್ಲ. ಆದರೆ ಒಂದು ಕಾಲದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಒಂದೇ ಉಸುರಿನಲ್ಲಿ ಹೋಗುತ್ತಿದ್ದ ದೇಹವು ಈಗ ರಾಮನಗರವನ್ನು ತಲಪುವುದರೊಳಗಾಗಿ ಬೆರಳುಗಳಲ್ಲಿ ಜೋಮನ್ನೂ, ಭುಜದಲ್ಲಿ ಸೆಳೆತವನ್ನೂ, ಕತ್ತಿನ ಹಿಂಬದಿಯಲ್ಲಿ ಬಿಗಿತವನ್ನೂ ತೋರಿಸತೊಡಗುತ್ತದೆ. ಮನೆಯವರು “ಇನ್ನು ಸಾಕು, ಗಾಡಿ ಮಾರಿಬಿಡಿ” ಎನ್ನುತ್ತಾರೆ. ಸವಾರನೂ ಇದು ವಯೋಧರ್ಮವೆಂದು ಒಪ್ಪಿ ಬೀಗದಕೈಯನ್ನು ಮಗನಿಗೆ ಒಪ್ಪಿಸುವುದುಂಟು. ಈ ನಿರ್ಣಯಕ್ಕೆ ಬರುವ ಮೊದಲು ವಿಚಾರಿಸತಕ್ಕ ಪ್ರಶ್ನೆಯೊಂದಿದೆ: ಈ ನೋವು ಹುಟ್ಟುತ್ತಿರುವುದು ವಯಸ್ಸಿನಿಂದಲೋ, ವಯಸ್ಸಾದ ದೇಹಕ್ಕೆ ಹೊಂದದೆ ನಿಂತಿರುವ ಹ್ಯಾಂಡಲಿನಿಂದಲೋ?

ಕಾರಿನಲ್ಲಿ ಸೀಟನ್ನು ಹಿಂದುಮುಂದಾಗಿ ಸರಿಸಬಹುದು; ಒಳ್ಳೆಯ ಅಂಗಡಿಯಲ್ಲಿ ಸೈಕಲ್ ಕೊಳ್ಳುವವನಿಗೆ ಅವನ ಎತ್ತರಕ್ಕೆ ತಕ್ಕ ಚೌಕಟ್ಟು ದೊರೆಯುತ್ತದೆ. ಮೋಟಾರ್ ಸೈಕಲ್ಲಾದರೋ ಐದಡಿಯವನಿಗೂ ಆರಡಿಯವನಿಗೂ, ಇಪ್ಪತ್ತರ ತರುಣನಿಗೂ ಎಪ್ಪತ್ತರ ವೃದ್ಧನಿಗೂ ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತದೆ. ಹಿಂದೆ ನಮ್ಮ ಹಳ್ಳಿಯ ಬಡಗಿ ನೇಗಿಲು ಮಾಡಿಕೊಡುವಾಗ ಉಳುವವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನ ಕೈಮಟ್ಟವನ್ನು ನೋಡಿ ಮೇಣಿಯನ್ನು ಕೂಡಿಸುತ್ತಿದ್ದನು. ಆ ವಿವೇಕವನ್ನು ಮರೆತುದರ ಸುಂಕವನ್ನು ಇಂದು ಹಿರಿಯ ಸವಾರನ ಮಣಿಕಟ್ಟು ತೆರುತ್ತಿದೆ. ಹ್ಯಾಂಡಲನ್ನು ಎರಡು ಬೆರಳಗಲ ಮೇಲಕ್ಕೋ ಹಿಂದಕ್ಕೋ ತರುವಷ್ಟು ಅಲ್ಪವಾದ ಕೆಲಸದಿಂದ ಎಷ್ಟೋ ಮಂದಿಯ ಸವಾರಿಯ ಆಯುಷ್ಯವನ್ನು ಕೆಲವು ವರ್ಷಗಳ ಕಾಲ ಹೆಚ್ಚಿಸಬಹುದು. ಆದರೆ ಆ ಎರಡು ಬೆರಳಗಲವನ್ನು ಅಳೆದು, ಅರಿತು, ಅದರೊಡನೆ ಸಂಬಂಧಪಟ್ಟ ಸಕಲ ಭಾಗಗಳನ್ನೂ ಪರೀಕ್ಷಿಸಿ ಮಾಡಬೇಕು.

ಭಂಗಿಯನ್ನು ನಿರ್ಣಯಿಸುವ ತ್ರಿಕೋನ

ಮೋಟಾರ್ ಸೈಕಲ್ಲಿನ ಮೇಲೆ ಕುಳಿತವನ ಭಂಗಿಯನ್ನು ನಿರ್ಣಯಿಸುವ ಬಿಂದುಗಳು ಮೂರು: ಸೀಟು, ಫುಟ್‌ರೆಸ್ಟು ಮತ್ತು ಕೈ ಹಿಡಿಯುವ ಗ್ರಿಪ್ಪು. ಇವನ್ನು ಕಲ್ಪಿತ ರೇಖೆಗಳಿಂದ ಕೂಡಿಸಿದರೆ ಏರ್ಪಡುವ ತ್ರಿಕೋನದ ಆಕಾರದಲ್ಲಿಯೇ ಬೆನ್ನು ಎಷ್ಟು ಬಾಗಬೇಕು, ಮೊಣಕಾಲು ಎಷ್ಟು ಮಡಿಯಬೇಕು, ದೇಹಭಾರದಲ್ಲಿ ಎಷ್ಟು ಪಾಲು ಅಂಗೈಗಳ ಮೇಲೆ ಬೀಳಬೇಕು ಎಂಬುದೆಲ್ಲವೂ ಅಡಗಿರುತ್ತದೆ. ಸೀಟೂ ಫುಟ್‌ರೆಸ್ಟೂ ಚಾಸಿಗೆ ಬಂಧಿಸಲ್ಪಟ್ಟವಾದುದರಿಂದ ಅವನ್ನು ಕದಲಿಸುವುದು ಶ್ರಮಸಾಧ್ಯ. ಹ್ಯಾಂಡಲಾದರೋ ಬಹುಪಾಲು ಗಾಡಿಗಳಲ್ಲಿ ಎರಡು ಕ್ಲ್ಯಾಂಪುಗಳ ನಡುವೆ ನಾಲ್ಕು ಬೋಲ್ಟುಗಳ ಹಿಡಿತದಲ್ಲಿ ನಿಂತಿರುವ ಒಂದು ಬಾಗಿದ ಕೊಳವೆ ಮಾತ್ರ. ತ್ರಿಕೋನದ ಮೂರು ಮೂಲೆಗಳಲ್ಲಿ ಸುಲಭವಾಗಿ ಮಾತು ಕೇಳುವ ಮೂಲೆ ಇದೊಂದೇ.

ಈ ಒಂದು ಮೂಲೆಯ ವ್ಯತ್ಯಾಸದ ಪರಿಣಾಮ ಎಷ್ಟೆಂಬುದನ್ನು ಕಾಣಬಯಸುವವರು 2018ರಲ್ಲಿ ಜೊತೆಯಾಗಿ ನಮ್ಮ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650 ಗಾಡಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಕುಳಿತು ನೋಡಬೇಕು. ಎರಡಕ್ಕೂ 648 ಸಿ.ಸಿ.ಯ ಅದೇ ಜೋಡಿ ಸಿಲಿಂಡರಿನ ಎಂಜಿನ್ನು. ಮೊದಲನೆಯದರಲ್ಲಿ ಅಗಲವಾಗಿ ಮೇಲೆದ್ದ, ನಡುವೆ ಅಡ್ಡಪಟ್ಟಿಯುಳ್ಳ ಹ್ಯಾಂಡಲಿರುವುದರಿಂದ ಸವಾರನು ನೆಟ್ಟಗೆ ಕೂಡುತ್ತಾನೆ. ಎರಡನೆಯದರಲ್ಲಿ ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನ ಎರಡು ಕೊಳವೆಗಳಿಗೇ ಬಿಡಿಬಿಡಿಯಾಗಿ ಬಿಗಿದ ತಗ್ಗಿನ ಹಿಡಿಗಳೂ ಹಿಂದಕ್ಕೆ ಸರಿದ ಫುಟ್‌ರೆಸ್ಟುಗಳೂ ಇರುವುದರಿಂದ ಎದೆ ಪೆಟ್ರೋಲ್ ಟ್ಯಾಂಕಿನ ಕಡೆಗೆ ಬಾಗುತ್ತದೆ. ಎಂಜಿನ್ನು ಒಂದೇ ಆದರೂ ಸವಾರಿ ಎರಡು ಬಗೆ. ಅರುವತ್ತೈದರ ಸವಾರನ ಬೆನ್ನಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಬಾಗಿದ ಭಂಗಿ ತನ್ನಷ್ಟಕ್ಕೆ ದೋಷವಲ್ಲ. ವೇಗವಾಗಿ ಸಾಗುವಾಗ ಎದುರು ಗಾಳಿ ಎದೆಯನ್ನು ಒತ್ತಿ ಹಿಡಿದು ಅಂಗೈಗಳ ಭಾರವನ್ನು ಬಹುಮಟ್ಟಿಗೆ ತಾನೇ ಹೊರುವುದರಿಂದ, ಪಂದ್ಯದ ಪಥದಲ್ಲಿ ಅದು ಯುಕ್ತವಾದ ಭಂಗಿಯೇ. ಆದರೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಗಂಟೆಗೆ 20-30 ಕಿಲೋಮೀಟರ್ ವೇಗದಲ್ಲಿ ಸಾಗುವ ಪಟ್ಟಣದ ಸವಾರಿಯಲ್ಲಿ ಆ ಗಾಳಿಯ ಆಸರೆ ಎಲ್ಲಿಂದ ಬರಬೇಕು? 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ, ದೂರದ ಸವಾರಿಯೂ ಸರ್ವಿಸ್ ರಸ್ತೆಯ ಹಂಪು, ತಿರುವು, ಊರೊಳಗಣ ಸಂದಣಿಗಳ ನಡುವಿನ ನಿಧಾನದ ಸವಾರಿಯಾಗಿದೆ. ಇಂಥ ಕಡೆ ಮುಂದಕ್ಕೆ ಬಾಗಿದ ದೇಹದ ಭಾರವನ್ನು ಅಂಗೈ, ಮಣಿಕಟ್ಟು, ಭುಜಗಳೇ ಹೊರಬೇಕಾಗುತ್ತದೆ.

ಬೆರಳುಗಳು ಹೇಳುವ ಸಾಕ್ಷ್ಯ

ಮನುಷ್ಯನ ಮುಷ್ಟಿಯ ಬಲವು ಯೌವನದಲ್ಲಿ ಪರಾಕಾಷ್ಠೆಯನ್ನು ಮುಟ್ಟಿ, ಐವತ್ತರ ಬಳಿಕ ಗಮನಕ್ಕೆ ಬರುವಷ್ಟು ಇಳಿಯತೊಡಗುತ್ತದೆ. ಹೆಬ್ಬೆರಳಿನ ಬುಡದ ಸಂದು ಸವೆದು ಹಿಡಿತವೇ ನೋವಾಗುವುದುಂಟು; ಮಧುಮೇಹವುಳ್ಳವರಲ್ಲಿ ಭುಜದ ಕೀಲು ಬಿಗಿದುಕೊಂಡು ತೋಳು ಮೇಲೇಳದಿರುವುದು ಇನ್ನೂ ಸಾಮಾನ್ಯ; ಕತ್ತಿನ ಕಶೇರುಗಳ ನಡುವಣ ಮೆದುವಾದ ತಟ್ಟೆಗಳು ಒಣಗಿ ಕುಗ್ಗುವುದರಿಂದ ಕತ್ತನ್ನು ಎತ್ತುವುದೂ ತಿರುಗಿಸುವುದೂ ಕಷ್ಟವಾಗುತ್ತದೆ. ಸುಮಾರು ಐದು ಕಿಲೋ ತೂಗುವ ತಲೆಯನ್ನೂ ಅದರ ಮೇಲೆ ಒಂದೂವರೆ ಕಿಲೋವರೆಗೆ ತೂಗಬಹುದಾದ ಹೆಲ್ಮೆಟ್ಟನ್ನೂ ಹೊತ್ತ ಆ ಕತ್ತು, ಎದೆ ಮುಂದಕ್ಕೆ ಬಾಗಿದಷ್ಟೂ ರಸ್ತೆಯನ್ನು ನೋಡುವುದಕ್ಕಾಗಿ ಹಿಂದಕ್ಕೆ ಮಡಿಯಬೇಕು. ಸಂಜೆಯ ಕತ್ತುನೋವಿನ ಮೂಲವು ಕತ್ತಿನಲ್ಲಿರದೆ, ಕೈ ತಲಪಬೇಕಾದ ದೂರದಲ್ಲಿರುವುದು ಹೀಗೆ.

ಜೋಮು ಹಿಡಿಯುವ ಬೆರಳು ಯಾವುದೆಂಬುದನ್ನು ಸವಾರನು ಗಮನಿಸಬೇಕು, ಏಕೆಂದರೆ ಅದು ದೋಷದ ಸ್ಥಾನವನ್ನು ಸೂಚಿಸುತ್ತದೆ. ಮಣಿಕಟ್ಟಿನ ಮೂಳೆಗಳೂ ಅವುಗಳ ಮೇಲೆ ಹಾಸಿದ ಗಟ್ಟಿಯಾದ ಪಟ್ಟಿಯೂ ಕೂಡಿ ರಚಿಸಿರುವ ಇಕ್ಕಟ್ಟಾದ ಸುರಂಗದೊಳಗೆ ಮೀಡಿಯನ್ ಎಂಬ ನರವು ಹಾದುಹೋಗುತ್ತದೆ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮುರಿದಂತೆ ಬಾಗಿ ಬಹಳ ಹೊತ್ತು ನಿಂತರೆ ಸುರಂಗದೊಳಗಿನ ಒತ್ತಡ ಹೆಚ್ಚಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಮರಗಟ್ಟುತ್ತವೆ. ಕಿರುಬೆರಳಿನ ಕಡೆಯ ಅಂಗೈಬುಡದ ಮೇಲೆ ದೇಹಭಾರ ಬಿದ್ದು ಅಲ್ನಾರ್ ನರವು ಒತ್ತಲ್ಪಟ್ಟರೆ ಕಿರುಬೆರಳೂ ಉಂಗುರ ಬೆರಳಿನ ಪಾರ್ಶ್ವವೂ ಜೋಮು ಹಿಡಿಯುತ್ತವೆ. ಮೊದಲನೆಯದಾದರೆ ಹ್ಯಾಂಡಲಿನ ತುದಿಯ ಕೋನವನ್ನೂ ಲಿವರಿನ ಓರೆಯನ್ನೂ ಸಂಶಯಿಸಬೇಕು. ಎರಡನೆಯದಾದರೆ ಹ್ಯಾಂಡಲು ತಗ್ಗಿನಲ್ಲಿಯೋ ದೂರದಲ್ಲಿಯೋ ಇದೆಯೆಂದು ತಿಳಿಯಬೇಕು. ಸವಾರಿಯಿಲ್ಲದ ದಿನವೂ, ರಾತ್ರಿ ನಿದ್ರೆಯಲ್ಲಿಯೂ ಜೋಮು ಬರುವುದಾದರೆ ಅದು ಮೆಕ್ಯಾನಿಕ್ಕಿನ ಕೈಮೀರಿದ ಸಂಗತಿ, ವೈದ್ಯರಲ್ಲಿಗೆ ಹೋಗತಕ್ಕದ್ದು.

ಇದನ್ನೆಲ್ಲ ಸುಖಾಪೇಕ್ಷೆಯ ಮಾತೆಂದು ಬಗೆಯಲಾಗದು. ಮರಗಟ್ಟಿದ ಬೆರಳು ಬ್ರೇಕನ್ನು ಹಿಡಿಯುವುದು ತಡವಾಗುತ್ತದೆ; ಸೆಟೆದು ನಿಂತ ಮೊಣಕೈ ಗುಂಡಿಯ ಹೊಡೆತವನ್ನು ನುಂಗಲಾರದೆ ಹ್ಯಾಂಡಲನ್ನೇ ಅಲುಗಿಸುತ್ತದೆ; ನೋವಿನ ಕಡೆಗೆ ಹೋದ ಮನಸ್ಸು ರಸ್ತೆಯ ಕಡೆಗೆ ಇರುವುದಿಲ್ಲ. ಹಿರಿಯ ಸವಾರನ ವಿಷಯದಲ್ಲಿ ಆರಾಮವೆಂಬುದು ಸುರಕ್ಷತೆಯ ಒಂದು ಅಂಗವೇ ಆಗಿದೆ.

ಮೊದಲು ಅಳತೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋಗಿ ಕಣ್ಣಿಗೆ ಚೆಂದ ಕಂಡ ಹ್ಯಾಂಡಲನ್ನು ತರುವುದಕ್ಕಿಂತ ಮುಂಚೆ ಮನೆಯ ಅಂಗಳದಲ್ಲಿಯೇ ಮಾಡತಕ್ಕ ಪರೀಕ್ಷೆಯೊಂದಿದೆ. ಗಾಡಿಯನ್ನು ಸಮನೆಲದ ಮೇಲೆ ಮಧ್ಯದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮನೆಯವರೊಬ್ಬರು ಹಿಡಿದುಕೊಂಡಿರುವಾಗ, ನಿತ್ಯ ತೊಡುವ ಚಪ್ಪಲಿಯನ್ನೋ ಬೂಟನ್ನೋ ತೊಟ್ಟು, ಸೀಟಿನಲ್ಲಿ ನಿತ್ಯ ಕುಳಿತುಕೊಳ್ಳುವ ಸ್ಥಾನದಲ್ಲಿ ಕುಳಿತು, ಕಣ್ಣು ಮುಚ್ಚಿ, ಭುಜವನ್ನು ಸಡಿಲಬಿಟ್ಟು, ಮೊಣಕೈಗಳನ್ನು ಸ್ವಲ್ಪ ಬಾಗಿಸಿ, ಕೈಗಳು ತಾವಾಗಿ ಎಲ್ಲಿ ನಿಲ್ಲಬಯಸುತ್ತವೋ ಅಲ್ಲಿ ನಿಲ್ಲಿಸಬೇಕು. ಆಮೇಲೆ ಕಣ್ಣು ತೆರೆದು ನೋಡಿದರೆ ಮುಷ್ಟಿಗೂ ಗ್ರಿಪ್ಪಿಗೂ ನಡುವಣ ಅಂತರವು ಎಷ್ಟು, ಅದು ಮೇಲೋ ಕೆಳಗೋ, ಹಿಂದೋ ಮುಂದೋ ಎಂಬುದು ಗೊತ್ತಾಗುತ್ತದೆ. ಅಂಗಡಿಗೆ ಒಯ್ಯಬೇಕಾದದ್ದು ಈ ಅಳತೆಯನ್ನು.

ಕೈಗಳ ಕೋನವನ್ನು ತಿಳಿಯುವುದಕ್ಕೆ ಎರಡು ಪೆನ್ಸಿಲುಗಳು ಸಾಕು. ಅವನ್ನು ಎರಡು ಮುಷ್ಟಿಗಳಲ್ಲಿ ಸಡಿಲವಾಗಿ ಹಿಡಿದು ಕೈಗಳನ್ನು ಮುಂದಕ್ಕೆ ಚಾಚಿದರೆ, ಪೆನ್ಸಿಲುಗಳು ಒಂದೇ ನೇರ ಗೆರೆಯಲ್ಲಿ ನಿಲ್ಲದೆ, ಹೊರತುದಿಗಳು ಸವಾರನ ಕಡೆಗೆ ತಿರುಗಿ ತುಸು ಕೆಳಕ್ಕೆ ಬಾಗುವುವು. ಹ್ಯಾಂಡಲಿನ ತುದಿಗಳೂ ಅದೇ ಓರೆಯಲ್ಲಿದ್ದರೆ ಮಣಿಕಟ್ಟು ನೇರವಾಗಿರುತ್ತದೆ. ತುದಿಗಳು ನೆಟ್ಟಗಿದ್ದರೆ ಮಣಿಕಟ್ಟೇ ಪಕ್ಕಕ್ಕೆ ಮುರಿಯಬೇಕಾಗುತ್ತದೆ. ಆದುದರಿಂದ ಹ್ಯಾಂಡಲೊಂದನ್ನು ವಿಚಾರಿಸುವಾಗ ಎತ್ತರ, ಹಿಂದಕ್ಕೆ ಬರುವ ದೂರ, ಅಗಲ, ತುದಿಯ ಓರೆ ಎಂಬ ನಾಲ್ಕನ್ನೂ ವಿಚಾರಿಸಬೇಕು. ಎತ್ತರವೊಂದನ್ನೇ ನೋಡಿ ಕೊಂಡವರು ಒಂದು ನೋವನ್ನು ಕಳೆದು ಇನ್ನೊಂದನ್ನು ಪಡೆಯುವುದುಂಟು.

ಅಲ್ಪವ್ಯಯದಿಂದ ಆರಂಭ

ಪರಿಹಾರಗಳಲ್ಲಿ ಮೊದಲನೆಯದಕ್ಕೆ ಹಣವೇ ಬೇಡ. ಕ್ಲ್ಯಾಂಪಿನ ಬೋಲ್ಟುಗಳನ್ನು ಸಡಿಲಿಸಿ, ಇರುವ ಹ್ಯಾಂಡಲನ್ನೇ ತನ್ನ ಕಡೆಗೆ ಕೆಲವು ಡಿಗ್ರಿಗಳಷ್ಟು ಹೊರಳಿಸಿದರೆ ಬಾಗಿದ ಕೊಳವೆಯ ತುದಿಗಳು ಸವಾರನ ಹತ್ತಿರಕ್ಕೆ ಬರುತ್ತವೆ. ಎತ್ತರದವರಿಗೂ ಕುಳ್ಳರಿಗೂ ಒಂದೇ ಕೋನದಲ್ಲಿ ಬಿಗಿದು ಬಂದ ಹ್ಯಾಂಡಲನ್ನು ಹತ್ತು ವರ್ಷಗಳಾದರೂ ಹೊರಳಿಸಿ ನೋಡದ ಸವಾರರಿದ್ದಾರೆ. ಮರಳಿ ಬಿಗಿಯುವಾಗ ಗಾಡಿಯ ಕೈಪಿಡಿಯಲ್ಲಿ ಹೇಳಿದ ಕ್ರಮವನ್ನೂ ಬಿಗಿತವನ್ನೂ ಅನುಸರಿಸತಕ್ಕದ್ದು. ಹ್ಯಾಂಡಲಿನ ಬೋಲ್ಟು ಸಡಿಲವಾಗಿ ಉಳಿದರೆ ಒದಗುವ ಅಪಾಯವನ್ನು ಬಣ್ಣಿಸಬೇಕಾಗಿಲ್ಲ.

ಎರಡನೆಯದು ಲಿವರುಗಳ ಓರೆ. ಕುಳಿತು ಕೈ ಚಾಚಿದಾಗ ಮುಂಗೈ, ಮಣಿಕಟ್ಟು, ಲಿವರಿನ ಮೇಲಿಟ್ಟ ಬೆರಳು ಇವು ಮೂರೂ ಒಂದೇ ಗೆರೆಯಲ್ಲಿ ಇಳಿಯುವಂತೆ ಕ್ಲಚ್ ಮತ್ತು ಬ್ರೇಕ್ ಲಿವರುಗಳನ್ನು ಹ್ಯಾಂಡಲಿನ ಮೇಲೆ ತಿರುಗಿಸಿ ನಿಲ್ಲಿಸಬೇಕು. ಮೂರನೆಯದು ಕ್ಲಚ್ಚಿನ ಭಾರ. ಒಳಗೆ ತುಕ್ಕು ಹಿಡಿದ, ಎಳೆ ಬಿಚ್ಚಿದ, ಅಡ್ಡಾದಿಡ್ಡಿ ತಿರುಗಿಸಿ ಎಳೆದ ಕೇಬಲ್ಲಿನಿಂದಲೇ ಎಷ್ಟೋ ಹಳೆಯ ಬುಲೆಟ್ಟುಗಳ ಕ್ಲಚ್ಚು ಹಿರಿಯರಿಗೆ ಅಸಾಧ್ಯವಾಗಿರುತ್ತದೆ. ಹೊಸ ಕೇಬಲ್ಲನ್ನು ಸರಾಗವಾದ ಬಳಸಿನಲ್ಲಿ ಹಾಯಿಸಿದೊಡನೆ ಎಡಗೈಯ ಅರ್ಧ ದೂರು ಇಲ್ಲವಾಗುವುದುಂಟು. ಚಿಕ್ಕ ಕೈಯವರಿಗೆ ಲಿವರನ್ನು ಗ್ರಿಪ್ಪಿನ ಹತ್ತಿರಕ್ಕೆ ತರಬಲ್ಲ ಹೊಂದಾಣಿಕೆಯ ಲಿವರುಗಳು ಉಪಕಾರಿ. ಹ್ಯಾಂಡಲು ಗಡುಸಾಗಿ ತಿರುಗುತ್ತಿದ್ದರೆ, ಅದು ತಿರುಗುವ ಬೇರಿಂಗುಗಳಾದ ಕೋನ್‌ಸೆಟ್ಟನ್ನೂ ಮುಂದಿನ ಟೈರಿನ ಗಾಳಿಯನ್ನೂ ಮೊದಲು ನೋಡಬೇಕು. ಅವೆರಡರ ದೋಷವನ್ನು ಹ್ಯಾಂಡಲಿನ ಮೇಲೆ ಹೊರಿಸುವುದು ಅನ್ಯಾಯ.

ರೈಸರ್ ಮತ್ತು ಹೊಸ ಹ್ಯಾಂಡಲ್

ಇಷ್ಟರಿಂದಲೂ ಅಂತರ ತುಂಬದಿದ್ದರೆ ರೈಸರ್ ಎಂಬ ಲೋಹದ ದಿಮ್ಮಿಗಳನ್ನು ಕ್ಲ್ಯಾಂಪಿನ ಕೆಳಗೆ ಕೂಡಿಸಿ ಇರುವ ಹ್ಯಾಂಡಲನ್ನೇ ಎತ್ತರಿಸಬಹುದು. ಫೋರ್ಕು ಹಿಂದಕ್ಕೆ ಒರಗಿ ನಿಂತಿರುವುದರಿಂದ ಅದರ ಜಾಡಿನಲ್ಲಿಯೇ ಮೇಲೇರುವ ಹ್ಯಾಂಡಲು ಜೊತೆಗೆ ಹಿಂದಕ್ಕೂ ಬರುತ್ತದೆ; ಒರಗು 27 ಡಿಗ್ರಿಯಿದ್ದರೆ 30 ಮಿಲಿಮೀಟರಿನ ರೈಸರು ಕೈಯನ್ನು ಸುಮಾರು 27 ಮಿಲಿಮೀಟರ್ ಮೇಲಕ್ಕೂ 14 ಮಿಲಿಮೀಟರಿನಷ್ಟು ಹಿಂದಕ್ಕೂ ತರುವುದು. ಒಂದೇ ಭಾಗದಿಂದ ಎರಡು ಪ್ರಯೋಜನ ಒದಗುವ ಈ ಸಣ್ಣ ಲೆಕ್ಕವನ್ನು ಅರಿತವರು ಅಳತೆಗಿಂತ ಹೆಚ್ಚಿನದನ್ನು ಕೊಳ್ಳುವುದಿಲ್ಲ.

ಬೇರೆಯ ಹ್ಯಾಂಡಲನ್ನೇ ಹಾಕಿಸುವುದಾದರೆ ಕೊಳವೆಯ ವ್ಯಾಸವನ್ನು ಮೊದಲು ನೋಡಬೇಕು. ನಮ್ಮಲ್ಲಿನ ಬಹುತೇಕ ಗಾಡಿಗಳಲ್ಲಿ ಅದು ಹಿಡಿಯ ಬಳಿ 22 ಮಿಲಿಮೀಟರ್; ಹಾರ್ಲೆಯ ಜಾತಿಯವುಗಳಲ್ಲಿ ಒಂದಂಗುಲ. ಅಗಲವಾದ ಹ್ಯಾಂಡಲಿನಿಂದ ಸನ್ನೆಯ ತೋಳು ಉದ್ದವಾಗಿ ನಿಧಾನದ ಸವಾರಿಯಲ್ಲಿ ಚಕ್ರ ಹಗುರವಾಗಿ ತಿರುಗುತ್ತದೆ. ಆದರೆ ಭುಜವು ಬಿಗಿದವರಿಗೆ ತೋಳುಗಳನ್ನು ಅಗಲಿಸಿ ಹಿಡಿಯುವುದೇ ನೋವು. ಬಹಳ ಹಿಂದಕ್ಕೆ ಬಾಗಿದ ಹ್ಯಾಂಡಲಿನಲ್ಲಿ ಯು-ತಿರುವು ತೆಗೆದುಕೊಳ್ಳುವಾಗ ಒಂದು ತುದಿ ಹೊಟ್ಟೆಗೋ ತೊಡೆಗೋ ತಾಗಿ, ಇನ್ನೊಂದು ತುದಿ ತೋಳಿನ ಎಟುಕಿನಾಚೆಗೆ ಹೋಗುವುದುಂಟು. ಇನ್ನು ಕೈಗಳು ಭುಜಕ್ಕಿಂತ ಮೇಲೇರುವಷ್ಟು ಎತ್ತರವಾದುವನ್ನು ಹಿರಿಯರು ದೂರವೇ ಇಡಬೇಕು. ತೋಳುಗಳು ಬಹು ಬೇಗ ಸೋಲುವುವು, ಮತ್ತು ತೀರ ನೆಟ್ಟಗಾದ ಬೆನ್ನು ಪ್ರತಿಯೊಂದು ಗುಂಡಿಯ ಹೊಡೆತವನ್ನೂ ಸೊಂಟದ ಕೆಳಗಣ ಮೂಳೆಗೆ ನೇರವಾಗಿ ಮುಟ್ಟಿಸುವುದು. ತುಸುವೇ ಮುಂದಕ್ಕೆ ವಾಲಿದ ಬೆನ್ನು, ಸಡಿಲವಾಗಿ ಬಾಗಿದ ಮೊಣಕೈ, ನೇರವಾದ ಮಣಿಕಟ್ಟು: ಸಾಧಿಸಬೇಕಾದ ಮಧ್ಯಮಮಾರ್ಗ ಇದು.

ಹ್ಯಾಂಡಲು ಮೇಲೇರಿದೊಡನೆ ಅದಕ್ಕೆ ಕಟ್ಟುಬಿದ್ದ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಡಿಸ್ಕ್ ಬ್ರೇಕಿನ ಕೊಳವೆ, ಸ್ವಿಚ್ಚುಗಳ ವೈರುಗಳು ಎಲ್ಲವೂ ಎಳೆದಂತಾಗುವುವು. ಅಲ್ಪಸ್ವಲ್ಪ ಎತ್ತರಕ್ಕೆ ಇರುವ ಉದ್ದವೇ ಸಾಲಬಹುದು. ಸಾಲದಿದ್ದರೆ ಉದ್ದವಾದುವನ್ನು ಹಾಕಿಸಲೇಬೇಕು. ಗಾಡಿಯನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯ ತನಕ ತಿರುಗಿಸಿ ನೋಡುವುದು ತಪ್ಪಿಸಕೂಡದ ಪರೀಕ್ಷೆ: ತಿರುಗಿಸಿದಾಗ ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಕೇಬಲ್ಲು ಎಳೆಯಲ್ಪಡುತ್ತಿದೆಯೆಂದೇ ಅರ್ಥ, ಮತ್ತು ಆ ಗಾಡಿ ತಿರುವಿನ ನಡುವೆ ತಾನಾಗಿ ನುಗ್ಗಬಹುದು. ಗ್ರಿಪ್ಪು ಟ್ಯಾಂಕಿಗೆ ತಾಗದಿರುವುದನ್ನೂ, ಬ್ರೇಕಿನ ಕೊಳವೆ ಎಲ್ಲಿಯೂ ಹಿಸುಕಿಕೊಳ್ಳದಿರುವುದನ್ನೂ ಆಗಲೇ ನೋಡಿಕೊಳ್ಳಬೇಕು. ಹ್ಯಾಂಡಲಿನ ಜೊತೆಗೆ ಕನ್ನಡಿಗಳೂ ಸ್ಥಾನಾಂತರ ಹೊಂದುವುದರಿಂದ ಅವನ್ನು ಹೊಸದಾಗಿ ಹೊಂದಿಸಬೇಕು. ಕತ್ತು ತಿರುಗಿಸಿ ಹಿಂದೆ ನೋಡಲಾರದವನಿಗೆ ಕನ್ನಡಿಯಲ್ಲಿ ತನ್ನ ಮೊಣಕೈಯೇ ಕಂಡರೆ ಏನು ಪ್ರಯೋಜನ?

ಕಂಪನದ ಉಪಶಮನ

ಭಂಗಿ ಸರಿಯಾದ ಮೇಲೂ ಉಳಿಯುವ ಇನ್ನೊಂದು ಬಾಧೆ ಕಂಪನ. ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಬಲವನ್ನು ಕ್ರ್ಯಾಂಕಿನ ಪ್ರತಿಭಾರವು ಭಾಗಶಃ ಮಾತ್ರ ಸರಿದೂಗಿಸಬಲ್ಲದು. ಉಳಿದದ್ದು ಚಾಸಿಯ ಮೂಲಕ ಹಾದು ಹ್ಯಾಂಡಲಿನ ತುದಿಗೆ ಬರುತ್ತದೆ. 2020ರಲ್ಲಿ ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350ರೊಡನೆ ಬಂದ ಹೊಸ ಎಂಜಿನ್ನಿನಲ್ಲಿ ಸಮತೋಲದ ದಂಡವೊಂದನ್ನು ಸೇರಿಸಿರುವುದರಿಂದ ಈ ಕಂಪನ ಬಹಳಮಟ್ಟಿಗೆ ತಗ್ಗಿದೆ. ಹಳೆಯ ಬುಲೆಟ್ಟಿನವರು ಇತರ ಉಪಾಯಗಳನ್ನು ಹುಡುಕಬೇಕು. ಹ್ಯಾಂಡಲಿನ ತುದಿಗಳಲ್ಲಿ ಕೂಡಿಸುವ ತೂಕಗಳು ಕೊಳವೆಯ ಸಹಜ ಕಂಪನಾಂಕವನ್ನು ಇಳಿಸಿ, ಅದು ಅತಿಯಾಗಿ ನಡುಗುವ ವೇಗವನ್ನು ನಿತ್ಯದ ಸವಾರಿಯ ವೇಗದಿಂದ ಬೇರೆ ಕಡೆಗೆ ಸರಿಸುತ್ತವೆ. ಮೆತ್ತನೆಯ, ತುಸು ದಪ್ಪವಾದ ಗ್ರಿಪ್ಪು ಒತ್ತಡವನ್ನು ಅಂಗೈಯ ತುಂಬ ಹರಡುತ್ತದೆ. ಅತಿಯಾಗಿ ದಪ್ಪವಾದರೆ ಚಿಕ್ಕ ಕೈಯ ಹಿಡಿತ ಸಡಿಲುವುದು. ಹಿಡಿತ ಬಿಗಿಯಾದಷ್ಟೂ ಕಂಪನವು ತೋಳಿಗೆ ಹೆಚ್ಚಾಗಿ ಏರುತ್ತದೆಯಾದುದರಿಂದ, ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ದೇಹವನ್ನು ನಿಲ್ಲಿಸಿಕೊಂಡು ಕೈಯನ್ನು ಸಡಿಲವಾಗಿಡುವ ಅಭ್ಯಾಸವು ಯಾವ ಸಲಕರಣೆಗೂ ಕಡಿಮೆಯಲ್ಲ.

ಕಾನೂನಿನ ಮೇರೆ

ಮೋಟಾರು ವಾಹನ ಅಧಿನಿಯಮ 1988ರ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನೂ ಆರು ತಿಂಗಳವರೆಗಿನ ಕಾರಾಗೃಹವಾಸವನ್ನೂ ವಿಧಿಸುವುದಕ್ಕೆ ಅವಕಾಶವಿತ್ತಿತು. ದೈಹಿಕ ನ್ಯೂನತೆಯುಳ್ಳವರಿಗಾಗಿ ವಾಹನವನ್ನು ಅಳವಡಿಸಿಕೊಳ್ಳುವುದಕ್ಕೆ ಅದೇ ಕಲಮಿನಲ್ಲಿ ದಾರಿಯುಂಟು. ಆದಕಾರಣ ಇರುವ ಹ್ಯಾಂಡಲನ್ನು ಹೊರಳಿಸಿ ಹೊಂದಿಸುವುದೂ, ಆ ಗಾಡಿಗೆಂದೇ ಕಂಪನಿಯವರು ಮಾರುವ ಹ್ಯಾಂಡಲನ್ನು ಡೀಲರಿನಲ್ಲಿಯೇ ಹಾಕಿಸಿ ರಸೀದಿಯನ್ನು ಇಟ್ಟುಕೊಳ್ಳುವುದೂ ನಿರಾತಂಕವಾದ ಹಾದಿ. ಅದಕ್ಕೆ ಮೀರಿದ್ದಾದರೆ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮೊದಲೇ ವಿಚಾರಿಸುವುದು ಕ್ಷೇಮ. ಐವತ್ತೈದು ದಾಟಿದವರ ಲೈಸೆನ್ಸು ಐದೈದು ವರ್ಷಕ್ಕೆ ನವೀಕರಣಕ್ಕೆ ಬರುತ್ತದೆ. ಆಗ ತರಬೇಕಾದ ವೈದ್ಯಕೀಯ ಪ್ರಮಾಣಪತ್ರವನ್ನು ಬರಿಯ ಕಾಗದದ ಶಾಸ್ತ್ರವೆಂದು ತಿಳಿಯದೆ, ಕೈ, ಕತ್ತು, ಕಣ್ಣುಗಳನ್ನು ನಿಜವಾಗಿಯೇ ಪರೀಕ್ಷಿಸಿಕೊಳ್ಳುವ ಸಂದರ್ಭವೆಂದು ಹಿರಿಯರು ಭಾವಿಸಬೇಕು.

ತಯಾರಕರಿಗೂ ಮನೆಯವರಿಗೂ

ಹ್ಯಾಂಡಲು ಬದಲಾದ ಗಾಡಿಯನ್ನು ಹೊಸ ಗಾಡಿಯೆಂದೇ ಬಗೆದು, ಮೊದಲು ಬಯಲಿನಲ್ಲಿ ನಿಧಾನವಾಗಿ ತಿರುಗಿಸಿ, ಬ್ರೇಕು ಹಿಡಿದು, ಬಳಿಕ ಓಡಾಟ ಕಡಿಮೆಯಿರುವ ಹೊತ್ತಿನಲ್ಲಿ ರಸ್ತೆಗೆ ಇಳಿಸಬೇಕು. ಹಿಂದೆ ಕೂಡುವವರೊಡನೆಯೂ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು, ಏಕೆಂದರೆ ಬ್ರೇಕು ಹಿಡಿದಾಗ ಅವರ ಭಾರವೂ ಮುಂದೊತ್ತಿ ಸವಾರನ ತೋಳುಗಳ ಮೇಲೆಯೇ ಬೀಳುವುದು. ಗಂಟೆಗೊಮ್ಮೆ ಇಳಿದು ಬೆರಳು, ಭುಜ, ಕತ್ತುಗಳನ್ನು ಆಡಿಸುವ ವಿರಾಮವು ಎಂಥ ಉತ್ತಮ ಹ್ಯಾಂಡಲಿದ್ದರೂ ಬೇಕು.

ಸವಾರನ ಎತ್ತರಕ್ಕೆ ತಕ್ಕಂತೆ ಹ್ಯಾಂಡಲು, ಸೀಟು, ಫುಟ್‌ರೆಸ್ಟು ಮೂರನ್ನೂ ಆರಿಸಿಕೊಳ್ಳುವ ಏರ್ಪಾಟನ್ನು ಕವಾಸಾಕಿಯವರು ವಲ್ಕನ್ ಎಸ್ ಎಂಬ ಗಾಡಿಯಲ್ಲಿ ಮಾಡಿ ತೋರಿಸಿದ್ದಾರೆ. ಕೋಟ್ಯಂತರ ಜನ ನಿತ್ಯ ಏರುವ ನಮ್ಮ ಸಾಮಾನ್ಯ ಗಾಡಿಗಳಲ್ಲಿ ಅಂಥ ಏರ್ಪಾಟು ದುರ್ಲಭ. ಎರಡು ಮೂರು ಸ್ಥಾನಗಳಲ್ಲಿ ಬಿಗಿಯಬಹುದಾದ ಒಂದು ಕ್ಲ್ಯಾಂಪು, ಹೊಂದಾಣಿಕೆಯ ಲಿವರು, ಎರಡು ಎತ್ತರಗಳ ಹ್ಯಾಂಡಲುಗಳಲ್ಲಿ ಒಂದನ್ನು ಕೊಳ್ಳುವಾಗಲೇ ಆರಿಸುವ ಅವಕಾಶ, ಇವು ದೊಡ್ಡ ವೆಚ್ಚದ ಸಂಗತಿಗಳಲ್ಲ. ತಮ್ಮ ಗಿರಾಕಿಗಳು ಗಾಡಿಯೊಡನೆಯೇ ವಯಸ್ಸಾಗುತ್ತಾರೆಂಬುದನ್ನು ತಯಾರಕರು ಒಪ್ಪಿಕೊಂಡ ದಿನ ಇವು ಸಹಜವಾಗಿಯೇ ಬಂದಾವು.

ದೃಷ್ಟಿ ಮಂದವಾದಾಗ, ಗಾಡಿಯ ತೂಕವನ್ನು ಕಾಲು ತಡೆಯದಾದಾಗ, ಪ್ರತಿಕ್ರಿಯೆ ನಿಧಾನವಾದಾಗ ಸವಾರಿಯನ್ನು ಬಿಡಲೇಬೇಕಾಗುತ್ತದೆ. ಯಾವ ಹ್ಯಾಂಡಲೂ ಆ ದಿನವನ್ನು ತಪ್ಪಿಸಲಾರದು. ಆದರೆ ಸಂತೆಗೆ, ತೋಟಕ್ಕೆ, ದೇವಸ್ಥಾನಕ್ಕೆ, ಗೆಳೆಯನ ಮನೆಗೆ ಯಾರ ಹಂಗೂ ಇಲ್ಲದೆ ಹೋಗಿಬರುವ ಸ್ವಾತಂತ್ರ್ಯವು ಹಿರಿಯರ ಪಾಲಿಗೆ ಸಣ್ಣ ಸಂಪತ್ತಲ್ಲ. ನಾಲ್ಕು ಬೋಲ್ಟುಗಳನ್ನು ಸಡಿಲಿಸಿ ನೋಡುವ ಮೊದಲೇ ಅದನ್ನು ಅವರಿಂದ ಕಸಿದುಕೊಳ್ಳುವುದು ಯೋಗ್ಯವಲ್ಲ. ಮನೆಯಲ್ಲಿ ಹಿರಿಯ ಸವಾರರಿದ್ದರೆ ಮಕ್ಕಳು ಈ ಭಾನುವಾರ ಅವರನ್ನು ಗಾಡಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಅವರ ಕೈ ಎಲ್ಲಿ ನಿಲ್ಲುತ್ತದೆಂಬುದನ್ನು ಅಳೆಯಲಿ. ಗಾಡಿಯನ್ನು ಮಾರುವ ಮಾತು ಆ ಬಳಿಕ ಬರಲಿ.